ಬಾಗಿಲಿಗೆ ಬೆನ್ನು ಮಾಡಿದ ಕುರ್ಚಿಗಳು

ಇಸ್ಪೀಟಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳನ್ನು ಕರೆಸಿದವರೆಲ್ಲ ಹೇಳುತ್ತಾರೆ. ಇರದೆ ಇನ್ನೇನು? ವೇದಿಕೆಯ ಜಾದೂಗಾರ ದೂರದಲ್ಲಿ ನಿಂತು, ದೀಪ ಹಾಕಿಸಿಕೊಂಡು, ಹೇಗೋ ಪಾರಾಗುತ್ತಾನೆ. ಇವಳದು ಒಂದು ಮೊಳ ಅಂತರದ ಕೆಲಸ. ಸಮಾರಂಭಗಳಲ್ಲಿ ಮೇಜಿನಿಂದ ಮೇಜಿಗೆ ಹೋಗಿ, ಉಣ್ಣುತ್ತಿರುವವರ ಕಣ್ಣೆದುರೇ ಇಸ್ಪೀಟಿನ ಎಲೆ ಮಾಯ ಮಾಡಬೇಕು. ಬೆರಳು ಕೂದಲೆಳೆಯಷ್ಟು ತಪ್ಪಿದರೂ ಮಾನ ಹೋಯಿತು. ಇಷ್ಟಾದರೂ ಫೋನ್ ಮಾಡಿದವರು ಕೇಳುವುದು, "ಪಾರಿವಾಳ ತರ್ತೀರಾ ಮೇಡಂ?"

"ಪಾರಿವಾಳ ಸಾಕೋಕೆ ನಮ್ಮನೇಲಿ ಜಾಗ ಇಲ್ಲ. ನಿಮ್ಮ ಪೆನ್ನು, ನನ್ನ ಎಲೆ, ಅಷ್ಟೇ," ಎನ್ನುತ್ತಾಳೆ ಇವಳು.

ಮನೆಯಲ್ಲಿ ಅತ್ತೆಯದು ಬೇರೆ ವರಾತ. "ಅಷ್ಟೆಲ್ಲ ಮಾಯ ಮಾಡ್ತೀಯಲ್ಲ, ಈ ಪಾತ್ರೆ ರಾಶಿನೂ ಮಾಯ ಮಾಡು ನೋಡೋಣ."

ಕೈಚಳಕ ಕಲಿಸಿದವನು ಹೊಲಿಗೆ ಅಂಗಡಿಯ ಸೋದರಮಾವ. ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡಲು ಕೂತ ಸೊಸೆಯ ಬೆರಳು ನೋಡಿ, ಅದೇ ಗುಂಡಿಗಳಲ್ಲಿ ಶುರು ಮಾಡಿಸಿದ. ಅವನದು ಒಂದೇ ಕಟ್ಟಪ್ಪಣೆ. "ನಿನ್ನ ಕೈ ನೋಡ್ತಾ ಕೂತವರು ನಿನ್ನ ನಂಬಿ ಕೂತಿರ್ತಾರಮ್ಮ. ಅವರದ್ದು ಅಂತ ಏನು ತಗೊಂಡ್ರೂ ಅವರ ಕೈಗೇ ವಾಪಸ್ ಹೋಗ್ಬೇಕು. ಇಲ್ದಿದ್ರೆ ನಮಗೂ ಜೇಬುಗಳ್ಳರಿಗೂ ಏನು ವ್ಯತ್ಯಾಸ?"

ಅದಕ್ಕೇ ಅವಳದೊಂದು ಪದ್ಧತಿ. ಒಂದು ಎಲೆಯ ಮೇಲೆ ಅತಿಥಿಯ ಸಹಿ ಹಾಕಿಸಿ, ಅದನ್ನು ಮಾಯ ಮಾಡಿ, ಕೊನೆಗೆ ಯಾರೂ ಊಹಿಸದ ಕಡೆಯಿಂದ ತೆಗೆದು ಸಹಿ ಹಾಕಿದವರ ಅಂಗೈಗೇ ಇಡುವುದು. ಎಲೆ ಅವರಿಗೇ ಸೇರಬೇಕು. ಇಪ್ಪತ್ತಾರು ವರ್ಷಗಳಲ್ಲಿ ಇನ್ನೊಬ್ಬರ ಸಹಿಯ ಒಂದೇ ಒಂದು ಎಲೆಯೂ ಅವಳ ಜೇಬಿನಲ್ಲಿ ಮನೆಗೆ ಬಂದಿರಲಿಲ್ಲ.

ಹೋದ ವರ್ಷ ಒಂದು ಪ್ಯಾಕಿಂಗ್ ಕಂಪನಿಯವರು ನೌಕರರ ಸಂತೋಷಕೂಟಕ್ಕೆ ಕರೆಸಿದರು. ಮಧ್ಯಾಹ್ನದ ಊಟ, ಅರವತ್ತು ಜನ. ಬೆಳಿಗ್ಗೆ ಸಿಬ್ಬಂದಿ ಮ್ಯಾನೇಜರ್ ಅವಳನ್ನು ಸಭಾಂಗಣಕ್ಕೆ ಕರೆದೊಯ್ದು, ಹಿಂಬದಿಯ ನೀಲಿ ಬಾಗಿಲು ತೋರಿಸಿ, "ಎಲ್ರ ಬೆನ್ನೂ ಆ ಬಾಗಿಲ ಕಡೆ ಬರೋ ಹಾಗೆ ಕೂರಿಸಿದ್ರೆ ಹೇಗೆ?" ಎಂದ.

ಇಸ್ಪೀಟಕ್ಕ ಹಿರಿಹಿರಿ ಹಿಗ್ಗಿದಳು. ಅವಳ ಕೆಲಸದಲ್ಲಿ ಬೆನ್ನ ಹಿಂದೆ ಯಾರೂ ಇರಬಾರದು. ಹಿಂದೆ ಗೋಡೆ, ಮುಂದೆ ಜನ, ಎಲ್ಲ ಕಣ್ಣೂ ಒಂದೇ ಕಡೆ. ಕುರ್ಚಿಯ ಬಗ್ಗೆ ಯೋಚಿಸಿದ ಗಿರಾಕಿ ಸಿಕ್ಕಿದ್ದು ಇದೇ ಮೊದಲು. ಕೆಲಸ ಬಲ್ಲ ಮನುಷ್ಯ ಅಂದುಕೊಂಡು, ತೋಳು ಮಡಚಿ, ಅರವತ್ತು ಕುರ್ಚಿಗಳನ್ನೂ ತಾನೇ ಎಳೆದು ತಿರುಗಿಸಿದಳು. ಕೆಲಸಕ್ಕೆ ಬೇಗ ಬಂದ ಒಂದಿಬ್ಬರು ಬಾಗಿಲಲ್ಲಿ ನಿಂತು ನೋಡಿ ನಕ್ಕರು.

ಮೊದಲ ಮೇಜಿನಲ್ಲಿ ಸಿಕ್ಕವಳು ಲೇಬಲಮ್ಮ. ಹತ್ತೊಂಬತ್ತು ವರ್ಷದಿಂದ ಡಬ್ಬಗಳಿಗೆ ಲೇಬಲ್ ಅಂಟಿಸಿ ಅದೇ ಹೆಸರಾಗಿತ್ತು. ಎಲೆಯ ಮೇಲೆ ನಾಲಿಗೆ ಕಚ್ಚಿಕೊಂಡು ದುಂಡಗೆ ಸಹಿ ಹಾಕಿದಳು. ಎಲೆ ಮಾಯವಾಗುವಷ್ಟರಲ್ಲಿ ಯಾರೋ ಬಂದು ಅವಳ ಭುಜ ಮುಟ್ಟಿ, "ಎರಡು ನಿಮಿಷ ಬನ್ನಿ," ಎಂದರು.

"ನನ್ನ ಎಲೆ ಕಳೀಬೇಡಿ ಮತ್ತೆ, ಈಗ ಬಂದೆ," ಎಂದು ಲೇಬಲಮ್ಮ ಎದ್ದು ಹೋದಳು.

ಹೀಗೇ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ನೀಲಿ ಬಾಗಿಲು ಕಾಣುತ್ತಿದ್ದದ್ದು ಇಸ್ಪೀಟಕ್ಕನಿಗೆ ಮಾತ್ರ. ಒಳಗೆ ಹೋದವರು ಬಿಳಿ ಲಕೋಟೆ ಹಿಡಿದು ಬಂದು ಹೊರಬಾಗಿಲ ಕಡೆ ನಡೆಯುವುದನ್ನು ಕಂಡು, ಹಳಬರಿಗೆ ಬಹುಮಾನವಿರಬೇಕು ಎಂದುಕೊಂಡಳು ಪೆದ್ದಿ. ಆಮೇಲೆ ಲೇಬಲಮ್ಮ ಬಂದಳು. ಕೊರಳ ದಾರದಲ್ಲಿ ಗುರುತಿನ ಚೀಟಿ ಇರಲಿಲ್ಲ. ಅವಳ ಊಟದ ಚೀಲ ಕಾವಲುಗಾರನ ಕೈಯಲ್ಲಿತ್ತು. ಮೇಜಿನ ಕಡೆ ಹೆಜ್ಜೆ ಇಟ್ಟವಳನ್ನು ಅವನು ತೋಳು ಹಿಡಿದು ಹೊರಬಾಗಿಲ ಕಡೆ ತಿರುಗಿಸಿದ.

ಇಸ್ಪೀಟಕ್ಕನ ಕೈ ನಿಂತಿತು. ಮ್ಯಾನೇಜರ್ ಓಡಿ ಬಂದು ಕಿವಿಯಲ್ಲಿ ಉಸುರಿದ. "ನಿಲ್ಲಿಸ್ಬೇಡಿ ಮೇಡಂ. ಇನ್ನೂ ಹನ್ನೊಂದು ಜನರನ್ನ ಕೆಲಸದಿಂದ ತೆಗೀಬೇಕು. ನೀವಿದ್ದದ್ದಕ್ಕೆ ಗಲಾಟೆನೇ ಇಲ್ಲ ನೋಡಿ."

ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಜನರ ಅನ್ನ ಕಿತ್ತುಕೊಳ್ಳಲು ಮಾವ ಕಲಿಸಿದ ವಿದ್ಯೆಯನ್ನು ಪರದೆ ಮಾಡಿಕೊಂಡಿದ್ದರು. ಇಂಥ ನೀಚರ ಮಾತಿಗೆ ತಾನು ಹಿಗ್ಗಿದ್ದಳಲ್ಲ. ಎಲೆಗಳನ್ನು ಮೇಜಿಗೆ ಕುಕ್ಕಿದಳು.

"ಎಲ್ರೂ ಕೇಳಿ. ನಮ್ಮ ಕೆಲಸದಲ್ಲಿ ಗುಟ್ಟು ಹೇಳೋ ಹಾಗಿಲ್ಲ, ಇವತ್ತು ಹೇಳ್ತೀನಿ. ನಾನು ಬಲಗೈ ಆಡಿಸ್ತಾ ಇದ್ರೆ ಕೆಲಸ ಎಡಗೈಲಿ ನಡೀತಿರುತ್ತೆ. ಇವತ್ತು ನಾನೇ ಇವರ ಬಲಗೈ ಆಗಿದೀನಿ. ನಿಮ್ಮ ಕುರ್ಚಿ ಹಿಂದಕ್ಕೆ ತಿರುಗಿಸಿ. ಎದ್ದು ಹೋದವರು ಯಾಕೆ ವಾಪಸ್ ಬಂದಿಲ್ಲ ಅಂತ ಆ ಬಾಗಿಲು ನೋಡಿ ಕೇಳಿ."

ಕುರ್ಚಿಗಳು ಕರಕರ ಎಂದವು. ಮ್ಯಾನೇಜರ್ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎನ್ನುತ್ತಲೇ ಇದ್ದ. ಯಾರೂ ಕೂರಲಿಲ್ಲ. ಇದ್ದವರೆಲ್ಲ ಒಟ್ಟಿಗೇ ನೀಲಿ ಬಾಗಿಲಿಗೆ ಹೋಗಿ ನಿಂತರು.

ಇಸ್ಪೀಟಕ್ಕ ಮಾತ್ರ ಗೇಟಿಗೆ ಓಡಿದಳು. ಲೇಬಲಮ್ಮ ಚೀಲ ಎದೆಗೊತ್ತಿಕೊಂಡು ಬಸ್ಸಿಗೆ ನಿಂತಿದ್ದಳು. ಇಸ್ಪೀಟಕ್ಕ ಏದುಸಿರು ಬಿಡುತ್ತಾ ಎಲೆಯನ್ನು ಅವಳ ಅಂಗೈಗೆ ಇಟ್ಟಳು.

"ನಿಮ್ಮದು. ಕಳೀಲಿಲ್ಲ."

ಲೇಬಲಮ್ಮ ತನ್ನ ಸಹಿಯ ಮೇಲೆ ಬೆರಳಾಡಿಸಿದಳು.

"ಬೆಳಿಗ್ಗೆ ನಾನು ಬೇಗ ಬಂದಿದ್ದೆ," ಎಂದಳು. "ಕುರ್ಚಿ ತಿರುಗಿಸಿದ್ದು ನೀವೇ ಅಲ್ವಾ?"

"ಹೌದಮ್ಮ. ನಾನೇ."

ಲೇಬಲಮ್ಮ ಎಲೆಯನ್ನು ಅವಳ ಕೈಗೇ ವಾಪಸ್ ಕೊಟ್ಟು, ಬಂದ ಬಸ್ಸು ಹತ್ತಿದಳು. ಅಂದು ಆ ಎಲೆ ಇಸ್ಪೀಟಕ್ಕನ ಜೇಬಿನಲ್ಲೇ ಮನೆಗೆ ಬಂತು.