ಹುಲ್ಲು ಜಗಿಯುತ್ತಲೇ ಇಳಿದ ಕುದುರೆ

ಬೆಳಕು ಆಗಷ್ಟೇ ಹರಿಯುತ್ತಿದೆ. ರನ್‌ವೇಯ ದೀಪಗಳಿನ್ನೂ ಆರಿಲ್ಲ. ದೊಡ್ಡದೊಂದು ಸರಕು ವಿಮಾನ ಮೋಡ ಸೀಳಿಕೊಂಡು ಬಂದು, ಮುಟ್ಟಿತೋ ಇಲ್ಲವೋ ಎಂಬಂತೆ ನೆಲ ಮುಟ್ಟಿ, ಬ್ರೇಕು ಹಾಕುವ ಅವಸರವೇ ಇಲ್ಲದೆ ರನ್‌ವೇಯ ತುದಿಯವರೆಗೂ ಉರುಳಿಕೊಂಡು ಹೋಗುತ್ತದೆ. ಎಂಜಿನ್ ನಿಂತದ್ದೇ ತಡ, ಕ್ಯಾಪ್ಟನ್ ಬೆಲ್ಟು ಬಿಚ್ಚಿ, ಕಾಕ್‌ಪಿಟ್ಟಿನ ಬಾಗಿಲು ತೆರೆದು ಹಿಂದಕ್ಕೆ ಕತ್ತು ಚಾಚುತ್ತಾಳೆ. ಕೇಳುವುದು ಒಂದೇ ಪ್ರಶ್ನೆ: "ಜಗೀತಾ ಇದೆಯಾ?"

ಹಿಂದೆ ಎದೆಯೆತ್ತರದ ಕಟಕಟೆಗಳಲ್ಲಿ ಮೂರು ಪಂದ್ಯದ ಕುದುರೆಗಳು ನಿಂತಿವೆ. ಅವುಗಳ ಜೊತೆ ಬಂದಿರುವ ಲಾಯದವನು ಹಲ್ಲು ಕಿರಿಯುತ್ತಾನೆ. "ಕಂದು ಕುದುರೆ ಹುಲ್ಲು ಬಿಟ್ಟೇ ಇಲ್ಲ ಮೇಡಂ. ಇಳಿದಿದ್ದೇ ಅದಕ್ಕೆ ಗೊತ್ತಾಗಿಲ್ಲ." ಕ್ಯಾಪ್ಟನ್ ಮುಖ ಮೊರದಗಲವಾಗುತ್ತದೆ.

ಸರಕು ಇಳಿಸುವ ಹುಡುಗರಿಗೆಲ್ಲ ಆಕೆ 'ಕ್ಯಾಪ್ಟನ್ ಅಕ್ಕ'. ಹೊರಗಿನವರಿಗೆ ಯಾರೂ ಅಲ್ಲ. ನಿಮ್ಮ ಮನೆಗೆ ಬಂದ ಔಷಧಿ, ಮೊಬೈಲು, ಮದುವೆಮನೆಯ ಹೂವು ಯಾವುದೋ ಒಂದು ರಾತ್ರಿ ಆಕೆಯ ಬೆನ್ನ ಹಿಂದೆ ಕೂತು ಬಂದಿರಬಹುದು. ಆದರೆ ಆಕೆಗೆ ಮೆಚ್ಚಿನ ಸರಕೆಂದರೆ ಕುದುರೆ. ಜನರಿಗಾದರೆ ಸೀಟಿದೆ, ಬೆಲ್ಟಿದೆ. ಕುದುರೆ ನಾಲ್ಕು ಕಾಲ ಮೇಲೆ ನಿಂತೇ ಬರಬೇಕು. ಹಾಗಾಗಿ ಮೇಲೇರುವುದೂ ನಿಧಾನ, ತಿರುಗುವುದೂ ನಿಧಾನ, ಇಳಿಯುವುದಂತೂ ಮಲಗಿಸಿದ ಕೂಸಿನ ಪಕ್ಕದಿಂದ ಎದ್ದು ಬಂದಷ್ಟು ನಾಜೂಕು. ಹೆದರಿದ ಕುದುರೆ ಮೊದಲು ಮಾಡುವ ಕೆಲಸ ಹುಲ್ಲು ಜಗಿಯುವುದನ್ನು ನಿಲ್ಲಿಸುವುದು.

ಪ್ರಯಾಣಿಕರ ವಿಮಾನ ಕಂಪನಿಯೊಂದು ಆಕೆಯನ್ನು ಕೈಬೀಸಿ ಕರೆದಿದೆ. ಬರುತ್ತೀರೋ ಇಲ್ಲವೋ ಎಂದು ಇವತ್ತು ಸಂಜೆಯೊಳಗೆ ಹೇಳಬೇಕು. ಇಂದು ಇಲ್ಲವೆಂದರೆ ಆ ಬಾಗಿಲು ಮತ್ತೆ ತೆರೆಯುವ ಭರವಸೆಯಿಲ್ಲ.

ಅಪ್ಪ ಲಾರಿ ಓಡಿಸುತ್ತಿದ್ದವರು. "ಲೋಡು ಅನ್ನೋ ಮಾತು ಕೇಳ್ಕೊಂಡೇ ಬೆಳೆದೋಳು ನಾನು" ಎಂದು ನಗುತ್ತಾಳೆ. ವಿಮಾನ ಓಡಿಸಲು ಕಲಿತ ಮೇಲೂ ಕೆಲಸ ಸಿಗದೆ ವರ್ಷಗಟ್ಟಲೆ ಸರಕು ಗೋದಾಮಿನಲ್ಲಿ ಪಾರ್ಸೆಲ್ ತೂಗಿದಳು. ಆಮೇಲೆ ಸಹ ಪೈಲಟ್, ಈಗ ಎಡಗಡೆಯ ಸೀಟು, ಅಂದರೆ ಕ್ಯಾಪ್ಟನ್. ಹೊಸ ಕಂಪನಿಗೆ ಹೋದರೆ ಮತ್ತೆ ಬಲಗಡೆಯ ಸೀಟಿನಿಂದ ಶುರು. ಆದರೆ ಅಲ್ಲಿ ಹಗಲಿನ ಹಾರಾಟ ಹೆಚ್ಚು, ಜನ ಕಣ್ಣರಳಿಸಿ ನೋಡುತ್ತಾರೆ, ವಾರದಲ್ಲಿ ಕೆಲವು ರಾತ್ರಿಯಾದರೂ ಮನೆಯಲ್ಲಿ ಮಲಗಬಹುದು.

ಇಲ್ಲಿನದು ಗೂಬೆಯ ಬದುಕು. ಶಾಲೆಯಲ್ಲಿ ಗಣಿತ ಮೇಷ್ಟ್ರಾಗಿರುವ ಗಂಡ ಬೆಳಗ್ಗೆ ಏಳುವ ಹೊತ್ತಿಗೆ ಆಕೆ ದಪ್ಪ ಪರದೆ ಎಳೆದು ಮಲಗುತ್ತಾಳೆ. "ಒಂದೇ ದಿಂಬು ಪಾಳಿ ಪ್ರಕಾರ ಬಳಸ್ತೀವಿ" ಎನ್ನುತ್ತಾನೆ ಆತ. ತಮಾಷೆಯ ಮಾತೇ, ಆದರೆ ಆಕೆಗೆ ಚುರುಕ್ಕೆನ್ನುತ್ತದೆ. ಕಾಫಿ ತಾನೇ ಮಾಡಿಕೊಳ್ಳಬೇಕು, ಯಾವುದೋ ಹೋಟೆಲಿನಲ್ಲಿ ದಿನಗಟ್ಟಲೆ ಒಬ್ಬಳೇ ಗೋಡೆ ನೋಡುತ್ತಾ ಬಿದ್ದಿರಬೇಕು. ಹಾಗಂತ ತಂಪು ಸಾಲಲಿಲ್ಲ, ಊಟ ತಡವಾಯಿತು ಎಂದು ತಕರಾರು ತೆಗೆಯುವವರೂ ವಿಮಾನದಲ್ಲಿ ಹಿಂದೆ ಯಾರಿಲ್ಲ. ಕತ್ತಲಲ್ಲಿ ಇಡೀ ಆಕಾಶ ಒಬ್ಬಳದೇ! ಹೀಗೆ ಅಳೆದೂ ಸುರಿದೂ ವಾರ ಕಳೆದಿದೆ.

ಹೊಸ ಕಂಪನಿಯ ಪರೀಕ್ಷೆಯ ಕಥೆ ಹೇಳುವಾಗ ಆಕೆಗೇ ನಗು ತಡೆಯಲಾಗುವುದಿಲ್ಲ. ಅಣಕು ಕಾಕ್‌ಪಿಟ್ಟಿನಲ್ಲಿ ಕೂರಿಸಿ ಒಂದು ಎಂಜಿನ್ನಿಗೆ ಬೆಂಕಿ ಬಿದ್ದಂತೆ ಮಾಡಿದರು. ಆಕೆ ಬೆಂಕಿ ಆರಿಸಿ, ಕೂದಲೂ ಕೊಂಕದಂತೆ ವಿಮಾನ ಇಳಿಸಿ, ಬೆನ್ನು ತಟ್ಟುತ್ತಾರೆಂದು ಕಾದಳು. ಪರೀಕ್ಷಕರು ಕೇಳಿದರು: "ಹಿಂದೆ ನೂರಾರು ಜನ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ರಲ್ಲ ಕ್ಯಾಪ್ಟನ್, ಅವರಿಗೆ ಒಂದು ಮಾತು ಹೇಳೋದಲ್ವಾ?"

"ಹಿಂದೆ ಜನ ಇದಾರೆ ಅನ್ನೋದೇ ಮರೆತುಹೋಯ್ತು ಸರ್!"

ಅವರೂ ನಕ್ಕರು. ಇನ್ನೊಮ್ಮೆ ಮಾಡಿಸಿ ಪಾಸು ಮಾಡಿದರು.

ಮನೆಯಲ್ಲಿ ಸೊಸೆ ಅಲ್ಲಿಗೆ ಹೋಗಲೇಬೇಕೆಂದು ಪಟ್ಟು ಹಿಡಿದಿರುವವರು ಅತ್ತೆ. ಇಂದು ಬಾಗಿಲು ತೆರೆಯುತ್ತಲೇ ಶುರು ಹಚ್ಚಿಕೊಳ್ಳುತ್ತಾರೆ. "ನೀನು ಓಡಿಸೋ ವಿಮಾನಕ್ಕೆ ಕುದುರೆ ಹತ್ತಬಹುದು, ನಾನು ಹತ್ತಬಾರದು. ಅಲ್ವೇನೇ?" ಆಕೆ ಬೂಟು ಬಿಚ್ಚುತ್ತಾ ಕಂದು ಕುದುರೆಯ ಸುದ್ದಿ ಹೇಳತೊಡಗುತ್ತಾಳೆ. ಹುಲ್ಲು ಬಿಡಲಿಲ್ಲವಂತೆ ಎನ್ನುವಾಗ ಕೈ ತಾನಾಗಿ ಗಾಳಿಯಲ್ಲಿ ಮೆಲ್ಲನೆ ಇಳಿಯುತ್ತದೆ.

ಶಾಲೆಗೆ ಹೊರಟ ಗಂಡ ಬಾಗಿಲಲ್ಲೇ ನಿಲ್ಲುತ್ತಾನೆ. "ನೀನು ಹಗಲು ಎದ್ದಿದ್ರೆ ನನಗಿಂತ ಖುಷಿ ಪಡೋರು ಯಾರೂ ಇಲ್ಲ. ಆದ್ರೆ ಆ ಪರೀಕ್ಷೆ ಮುಗಿಸ್ಕೊಂಡು ಬಂದ ದಿನ ನಿನ್ನ ಮುಖ ಹೀಗೆ ಅರಳಿರಲಿಲ್ಲ ಮಾರಾಯ್ತಿ."

ಆಕೆ ಮಲಗುವುದಿಲ್ಲ. ಸಂಜೆಯವರೆಗೆ ಕಾಯುವುದೂ ಇಲ್ಲ. ಆಗಲೇ ಹೊಸ ಕಂಪನಿಗೆ ಫೋನು ಮಾಡಿ, ಥ್ಯಾಂಕ್ಸ್ ಹೇಳಿ, ಬರುವುದಿಲ್ಲ ಎನ್ನುತ್ತಾಳೆ. ಫೋನಿಟ್ಟಾಗ ಕಣ್ಣು ಹೊಳೆಯುತ್ತಿದೆ. "ಇಳಿದಾಗ ಜನ ಚಪ್ಪಾಳೆ ತಟ್ಟಿದ್ರೆ, ಇಳಿದದ್ದು ಗೊತ್ತಾಯ್ತು ಅಂತ ತಾನೆ? ಗೊತ್ತೇ ಆಗದ ಹಾಗೆ ಇಳಿಸೋದ್ರಲ್ಲೇ ನನಗೆ ಮಜಾ!"

ಆಸೆ ಒಂದೇ ಉಳಿದಿದೆ. ಕಾಕ್‌ಪಿಟ್ಟಿನ ಹಿಂದೆ, ಲಾಯದವನು ಕೂರುವ ಸಾಲಿನಲ್ಲಿ, ಒಂದು ಸಲ ಅತ್ತೆಯನ್ನು ಕೂರಿಸಬೇಕು. ಅನುಮತಿಗೆ ಈಗಿನ ಕಂಪನಿಯನ್ನು ಕೇಳಿದ್ದಾಳೆ, ನೋಡೋಣ ಎಂದಿದ್ದಾರೆ. "ಅವತ್ತೊಂದಿನ ಮರೆಯದೆ ಮೈಕ್ ತಗೊಂಡು ಹೇಳ್ತೀನಿ: ಅತ್ತೆ, ನಿಮ್ಮ ಸೊಸೆ ಮಾತಾಡ್ತಿದೀನಿ, ಬೆಲ್ಟ್ ಹಾಕ್ಕೊಳ್ಳಿ."

ಅಡುಗೆಮನೆಯಿಂದ ದನಿ ತೂರಿ ಬರುತ್ತದೆ. "ನನಗೂ ಜಗಿಯೋಕೆ ಏನಾದ್ರೂ ಕೊಟ್ಟಿರು. ನಾನು ಜಗಿಯೋದು ನಿಲ್ಲಿಸಿದ್ರೆ ನಿನಗೇ ಕೆಟ್ಟ ಹೆಸರು!"