ಗಿರಿಜೆ ಪಾಲು ಮಾಡಿದ ಮಾತ್ರೆ

ಡಾಕ್ಟರು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟರು. ಕುಂದಾಪುರದಲ್ಲಿ ಅವರು ನಡೆಸುತ್ತಿದ್ದ ಗಂಟುವಾತದ ರೀಸರ್ಚ್‌ಗೆ ಕೇರಿಯವರು ಬಾಯಮ್ಮ ಎಂದು ಕರೆಯುವ ಕ್ರಿಶ್ಚಿಯನ್ ಹೆಂಗಸಾದ ನಾನೂ ಪಕ್ಕದ ಮನೆಯ ಮೀನು ಮಾರುವ ಗಿರಿಜೆಯೂ ಒಟ್ಟಿಗೇ ಸೇರಿದ್ದೆವು. ಕೆಲವರಿಗೆ ನಿಜವಾದ ಮದ್ದು, ಕೆಲವರಿಗೆ ಅದೇ ಥರ ಕಾಣುವ, ಮದ್ದಿಲ್ಲದ ಸುಳ್ಳು ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಗಿರಿಜೆಯ ಬೆರಳುಗಳು ಸಲೀಸಾಗಿ ಮಡಚತೊಡಗಿದವು. ನನಗೋ ಬ್ಲೌಸಿನ ಹುಕ್ ಹಾಕಲೂ ಆಗದು. ಪಾಪ ಅನ್ನಿಸಿ, ಅವಳು ದಿನಾ ತನ್ನ ಮಾತ್ರೆಯಲ್ಲೇ ನನಗೂ ಪಾಲು ಕೊಡತೊಡಗಿದಳು. ಅದನ್ನು ಹೆಮ್ಮೆಯಿಂದ ಡಾಕ್ಟರೆದುರೇ ಹೇಳಿಯೂಬಿಟ್ಟಳು!

“ಅಯ್ಯೋ ಅಮ್ಮಾ, ನನ್ನ ಸ್ಟಡಿ ಹಾಳಾಯ್ತಲ್ಲ!”

“ಎಂತ ಡಾಕ್ಟ್ರೇ, ಬಂಗ್ಡಿ ಮೀನ್ ಗಸಿ ಮಾಡ್ರೂ ಈ ಬಾಯಮ್ಮನ ಮನಿಗ್ ಕೊಟ್ಟೇ ನಾ ಉಂಬುದ್. ಮದ್ದ್ ಮಾತ್ರ ಒಬ್ಳೇ ತಿಂಬುದಾ?”

ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ಆದರೂ ರೂಲ್ಸ್ ಅಂದರೆ ರೂಲ್ಸ್. ಇಬ್ಬರನ್ನೂ ಸ್ಟಡಿಯಿಂದ ಕೈಬಿಟ್ಟು, ಮಾಮೂಲಿ ಗುಳಿಗೆ ಬರೆದುಕೊಟ್ಟರು. ಗಿರಿಜೆಗೆ ಹಿಡಿಸಿದ್ದ ಆ ಮದ್ದು ಅಲ್ಲಿಗೆ ನಿಂತಿತು.

ಆ ಮಾತ್ರೆ ನನಗೆ ನಾಟಿತೋ ಇಲ್ಲವೋ, ಗಾಡ್ ನೋಸ್. ಕಾನ್ವೆಂಟಿನಲ್ಲಿ ಶೇರಿಂಗ್ ಬಗ್ಗೆ ಎಷ್ಟೋ ಪಾಠ ಕೇಳಿದ್ದೆ. ಆದರೆ ಗಿರಿಜೆ ಮೀನಿನ ಕತ್ತಿಯಲ್ಲಿ ಮಾತ್ರೆ ತುಂಡು ಮಾಡಿದಾಗೆಲ್ಲ, ದೊಡ್ಡ ತುಂಡು ಬರುತ್ತಿದ್ದದ್ದು ನನ್ನ ಕೈಗೆ.