ಬಾಟಲಿಯನ್ನು ಉಲ್ಟಾ ಓದಿದ ಗಂಡ

ಮಾರಾಯ್ರೇ, ನನ್ನ ಎದೆ ಇನ್ನೂ ಡವಗುಟ್ಟುತ್ತಿದೆ. ಸಂಜೆ ಆಫೀಸಿನಿಂದ ಈ ಅರಬಿ ಊರಿನ ಅಲ್ ಹಿಲಾಲ್ ಏರಿಯಾದ ನಮ್ಮ ಫ್ಲ್ಯಾಟಿಗೆ ಬಂದು ಬೆಲ್ ಒತ್ತಿದರೆ, ಬಾಗಿಲು ತೆರೆದದ್ದು ಯಾರೋ ತಾಮ್ರದ ಬಣ್ಣದ ಗಂಡಸು. ಕಿರುಚಿಬಿಟ್ಟೆ.

"ನಾನೇ ಮಾರಾಯ್ತಿ!" ಸ್ವರ ಮಾತ್ರ ನನ್ನ ಗಂಡನದು.

ಊರಿಗೆ ಹೋಗುವ ಮೊದಲು ಬೆಳ್ಳಗಾಗಬೇಕೆಂದು ಇವರು ಮಧ್ಯಾಹ್ನ ಲೋಷನ್ ತಂದು ಮುಖ, ಕುತ್ತಿಗೆಗೆಲ್ಲ ಬಳಿದುಕೊಂಡಿದ್ದರು.

"ಬಾಟಲಿಯಲ್ಲಿ ಫೋಟೋ ಉಂಟಲ್ಲ, ನೋಡು! ಮೊದಲು ಕಪ್ಪು ಕೈ, ಮತ್ತೆ ಬಿಳಿ ಕೈ. ನ್ಯಾಚುರಲ್ ಅಂತಲೂ ಬರ್ದಿದ್ದಾರೆ."

"ಅಯ್ಯೋ ದೇವರೇ, ಇದು ಅರಬಿ ಬಾಟಲಿ! ಬಲದಿಂದ ಎಡಕ್ಕೆ ನೋಡ್ಬೇಕು. ಬಿಳಿ ಇದ್ದವರು ಕಂದು ಆಗ್ಲಿಕ್ಕೆ ಹಚ್ಚುವುದು ಇದು!"

"ತೊಳೆದ್ರೆ ಹೋಗುದಿಲ್ವಾ?"

"ಒಂದು ವಾರ ಹೋಗುದಿಲ್ಲ. ಖಲಾಸ್."

ಅಷ್ಟರಲ್ಲಿ ಉಡುಪಿಯಿಂದ ಅತ್ತೆಯ ವಿಡಿಯೋ ಕಾಲ್. ಮಗನ ಮುಖ ಕಂಡದ್ದೇ ಅವರ ಕಣ್ಣಲ್ಲಿ ನೀರು. "ಅಯ್ಯೋ ಮಗಾ, ಬಿಸಿಲಲ್ಲಿ ಎಷ್ಟು ದುಡಿಸ್ತಾರೆ ನಿನ್ನನ್ನು!"

ನನಗೆ ನಿಜವಾದ ಶಾಕ್ ಹೊಡೆದದ್ದು ಆಗ. ಈ ದೇಶಕ್ಕೆ ಬಂದಾಗಿನಿಂದ ಆಫೀಸಿನ ಎಸಿ ರೂಮಿನ ಕುರ್ಚಿ ಬಿಟ್ಟು ಏಳದ ನಮ್ಮ ಈ ಅಕೌಂಟೆಂಟ್ ಸಾಹೇಬರು ಉದ್ದಕ್ಕೆ ನಿಟ್ಟುಸಿರು ಬಿಟ್ಟು ಹೇಳುತ್ತಾರೆ:

"ಎಂತ ಮಾಡುದಮ್ಮ, ಗಲ್ಫ್ ಅಲ್ವಾ!"